ಫಂಡ್ ಒಂದೇ, ಪ್ಲಾನ್ ಬೇರೆ: ಡೈರೆಕ್ಟೋ ರೆಗ್ಯುಲರೋ ಅಂತ ತೀರ್ಮಾನಿಸುವ ಲೆಕ್ಕ

ದಾವಣಗೆರೆಯಲ್ಲಿ ಮ್ಯೂಚುವಲ್ ಫಂಡ್ ಈಗ ಹೊಸ ಮಾತಲ್ಲ. ಎಫ್‌ಡಿ ರಿನ್ಯೂ ಮಾಡಿಸಲು ಬ್ಯಾಂಕಿಗೆ ಹೋದವರು ಎಸ್‌ಐಪಿ (ತಿಂಗಳು ತಿಂಗಳು ಫಂಡಿಗೆ ಕಟ್ಟುವ ಕಂತು) ಫಾರಂಗೂ ಸಹಿ ಹಾಕಿ ಬಂದಿರುತ್ತಾರೆ. ಮಂಡಿಪೇಟೆಯ ಅಂಗಡಿ ಹುಡುಗರ ಮೊಬೈಲಿನಲ್ಲಿ ಹೂಡಿಕೆಯ ಆ್ಯಪ್ ಇರುತ್ತದೆ. ಚೀಟಿ ಕಟ್ಟುವುದು ಬಿಟ್ಟು ಫಂಡಿಗೆ ಬಂದ ಅಕ್ಕಂದಿರೂ ಇದ್ದಾರೆ. "ಯಾವ ಫಂಡ್ ಚಲೋ ಐತಿ?" ಅಂತ ಎಲ್ಲರೂ ಕೇಳುತ್ತಾರೆ. ಅದೇ ಫಂಡಿನಲ್ಲಿ ಯಾವ ಪ್ಲಾನ್ ತಗೋಬೇಕು ಅಂತ ಕೇಳುವವರು ಕಡಿಮೆ.

ಫಂಡ್ ಆರಿಸುವುದರಲ್ಲಿ ಅದೃಷ್ಟದ ಪಾಲೂ ಇದೆ. ಮುಂದೆ ಯಾವುದು ಓಡುತ್ತೆ ಅಂತ ಯಾರಿಗೂ ಗೊತ್ತಿಲ್ಲ. ಪ್ಲಾನ್ ಆರಿಸುವುದು ಹಾಗಲ್ಲ, ಪೂರಾ ಲೆಕ್ಕ. ಅದಕ್ಕೆ ಮೂರು ಅಂಕಿ ಬೇಕು: ಎಷ್ಟು ವರ್ಷ, ಎಷ್ಟು ದುಡ್ಡು, ಎರಡು ಪ್ಲಾನ್‌ಗಳ ಶುಲ್ಕದಲ್ಲಿ ಎಷ್ಟು ಅಂತರ. ಬಹಳ ಜನ ಶುಲ್ಕದಿಂದ ಶುರು ಮಾಡುತ್ತಾರೆ. ವರ್ಷದಿಂದ ಶುರು ಮಾಡಿ ಅಂತ ನಾನು ಹೇಳುತ್ತೇನೆ. ಯಾಕೆ ಅನ್ನುವುದು ಮುಂದೆ ಗೊತ್ತಾಗುತ್ತದೆ.

ಮೊದಲು ಹೆಸರನ್ನು ಕೊನೆತನಕ ಓದಿ

ಯಾವುದೇ ಫ್ಲೆಕ್ಸಿ ಕ್ಯಾಪ್ (ದೊಡ್ಡ, ಸಣ್ಣ ಎಲ್ಲ ಕಂಪನಿಗಳ ಷೇರು ಕೊಳ್ಳುವ) ಫಂಡಿನ ಹೆಸರು ಹುಡುಕಿ ನೋಡಿ. ಒಂದೇ ಹೆಸರು ನಾಲ್ಕು ಸಲ ಬರುತ್ತದೆ: ಡೈರೆಕ್ಟ್ ಗ್ರೋಥ್, ಡೈರೆಕ್ಟ್ ಐಡಿಸಿಡಬ್ಲ್ಯೂ, ರೆಗ್ಯುಲರ್ ಗ್ರೋಥ್, ರೆಗ್ಯುಲರ್ ಐಡಿಸಿಡಬ್ಲ್ಯೂ. ಲಾಭ ಫಂಡಿನಲ್ಲೇ ಬೆಳೆಯಲಿ ಅಂದರೆ ಗ್ರೋಥ್, ಆಗಾಗ ಕೈಗೆ ಬರಲಿ ಅಂದರೆ ಐಡಿಸಿಡಬ್ಲ್ಯೂ. ನಾಲ್ಕಕ್ಕೂ ಮ್ಯಾನೇಜರ್ ಒಬ್ಬರೇ. ಕೊಂಡಿರುವ ಷೇರುಗಳೂ ಅವೇ. ನಿಮಗೂ ಫಂಡ್ ಕಂಪನಿಗೂ ನಡುವೆ ಫಂಡ್ ಮಾರಿಕೊಡುವ ಒಬ್ಬ ಡಿಸ್ಟ್ರಿಬ್ಯೂಟರ್ ಇದ್ದರೆ ಅದು ರೆಗ್ಯುಲರ್. ಇಲ್ಲದಿದ್ದರೆ ಡೈರೆಕ್ಟ್. ಆ ಡಿಸ್ಟ್ರಿಬ್ಯೂಟರ್ ನಿಮ್ಮ ಬ್ಯಾಂಕೇ ಆಗಿರಬಹುದು, ಎಲ್‌ಐಸಿ ಮಾಡಿಸಿದ ಪರಿಚಯದವರೇ ಆಗಿರಬಹುದು.

ಹಿಂದೆ ಫಂಡಿಗೆ ದುಡ್ಡು ಹಾಕುವಾಗಲೇ ಎಂಟ್ರಿ ಲೋಡ್ ಅಂತ ಸಾಮಾನ್ಯವಾಗಿ 2.25% ಮುರಿದುಕೊಳ್ಳುತ್ತಿದ್ದರು. 2009ರ ಆಗಸ್ಟ್ 1ರಿಂದ ಮಾರುಕಟ್ಟೆ ನಿಯಂತ್ರಕ ಸೆಬಿ ಅದನ್ನು ತೆಗೆಯಿತು. 2013ರ ಜನವರಿ 1ರಿಂದ ಎಲ್ಲ ಫಂಡ್‌ಗಳೂ ಡೈರೆಕ್ಟ್ ಪ್ಲಾನ್ ಕೊಡಲೇಬೇಕು ಅಂತಾಯಿತು. 2018ರ ಅಕ್ಟೋಬರ್‌ನಲ್ಲಿ ಡಿಸ್ಟ್ರಿಬ್ಯೂಟರ್‌ಗೆ ಮೊದಲೇ ಇಡಿಗಂಟು ಕೊಡುವುದೂ ನಿಂತಿತು. ಈಗ ಉಳಿದಿರುವುದು ಟ್ರೈಲ್ ಕಮಿಷನ್. ನಿಮ್ಮ ದುಡ್ಡು ರೆಗ್ಯುಲರ್ ಪ್ಲಾನಿನಲ್ಲಿ ಇರುವಷ್ಟು ದಿನವೂ ಅದು ಹೋಗುತ್ತಲೇ ಇರುತ್ತದೆ.

ಮಂಡಿಯಲ್ಲಿ ಮೆಕ್ಕೆಜೋಳ ಮಾರಿದರೆ ದಲಾಲಿ ಎಷ್ಟು, ಹಮಾಲಿ ಎಷ್ಟು ಅಂತ ಅವತ್ತೇ ಗೊತ್ತಾಗುತ್ತೆ. ಒಂದು ಸಲ ಮುಗಿದರೆ ಮುಗಿಯಿತು. ಇಲ್ಲಿ ಹಾಗಿಲ್ಲ. ಕಮಿಷನ್ ಪ್ರತಿದಿನ ಎನ್‌ಎವಿಯಲ್ಲೇ (ಫಂಡಿನ ಒಂದು ಯೂನಿಟ್‌ನ ಬೆಲೆ) ಕಳೆದುಹೋಗಿರುತ್ತದೆ. ನಿಮ್ಮ ಕೈಗೆ ಯಾವ ಬಿಲ್ಲೂ ಬರುವುದಿಲ್ಲ.

ಈ ದುಡ್ಡು ಯಾವಾಗ ಬೇಕು?

ಒಂದು ಹಾಳೆ ತಗೊಳ್ಳಿ. ಪ್ರತಿ ಹೂಡಿಕೆಯ ಮುಂದೆ ಕೆಲಸ ಮತ್ತು ವರ್ಷ ಬರೆಯಿರಿ. ಮಗನ ಎಂಜಿನಿಯರಿಂಗ್ ಫೀಸು, ಎಂಟು ತಿಂಗಳು. ಸೈಟಿನ ಬಾಕಿ, ಮೂರು ವರ್ಷ. ಮಗಳ ಓದು, ಹದಿನೈದು ವರ್ಷ. "ಸುಮ್ನೆ ಇರಲಿ ಅಂತ ಹಾಕಿದ್ದು" ಅಂತ ಬರೆದರೆ ಲೆಕ್ಕ ಮುಂದೆ ಹೋಗಲ್ಲ. ಅಂದಾಜಿಗಾದರೂ ಒಂದು ಅಂಕಿ ಇರಲಿ.

ವರ್ಷದೊಳಗೆ ಬೇಕಾದ ದುಡ್ಡು ಈಕ್ವಿಟಿ (ಷೇರುಗಳಲ್ಲಿ ಹಾಕುವ) ಫಂಡಿಗೆ ಹೋಗಲೇಬಾರದು. ಡೈರೆಕ್ಟ್ ಆದರೂ ಅಷ್ಟೇ, ರೆಗ್ಯುಲರ್ ಆದರೂ ಅಷ್ಟೇ. ಅದಕ್ಕೆ ಲಿಕ್ವಿಡ್ ಫಂಡ್ (ತೀರಾ ಕಡಿಮೆ ಅವಧಿಯ ಸಾಲಪತ್ರಗಳಲ್ಲಿ ದುಡ್ಡು ಇಡುವ ಫಂಡ್) ಅಥವಾ ಬ್ಯಾಂಕ್ ಠೇವಣಿ ಸಾಕು. ಲಿಕ್ವಿಡ್ ಫಂಡಿನಲ್ಲಿ ಎರಡು ಪ್ಲಾನ್‌ಗಳ ಶುಲ್ಕದ ಅಂತರ ಸಾಮಾನ್ಯವಾಗಿ ತೀರಾ ಸಣ್ಣದು. ಎಂಟು ತಿಂಗಳಿಗೆ ಅದರ ಬಗ್ಗೆ ತಲೆ ಕೆಡಿಸಿಕೊಳ್ಳಬೇಕಾಗಿಲ್ಲ. ಏಳು ದಿನದೊಳಗೆ ವಾಪಸ್ ತೆಗೆದರೆ ಚೂರು ಎಕ್ಸಿಟ್ ಲೋಡ್ (ಹೊರಬರುವಾಗಿನ ಕಡಿತ) ಬೀಳುತ್ತದೆ, ಅಷ್ಟೇ.

ಮೂರು ವರ್ಷದ ದುಡ್ಡಿಗೂ ನಾನು ಪೂರಾ ಈಕ್ವಿಟಿ ಹೇಳುವುದಿಲ್ಲ. ಈ ಅವಧಿಯಲ್ಲಿ ಶುಲ್ಕದ ಅಂತರಕ್ಕಿಂತ ಮಾರ್ಕೆಟ್ಟಿನ ಏರಿಳಿತವೇ ದೊಡ್ಡದು. ಶುಲ್ಕ ನಿಜವಾಗಿ ಕಚ್ಚುವುದು ಏಳೆಂಟು ವರ್ಷ ದಾಟಿದ ಹೂಡಿಕೆಯಲ್ಲಿ. ಹಾಳೆಯಲ್ಲಿ ಅಂಥವಕ್ಕೆ ಗುರುತು ಹಾಕಿಕೊಳ್ಳಿ. ಮುಂದಿನ ಕೆಲಸವೆಲ್ಲ ಅವುಗಳದ್ದೇ.

ಶುಲ್ಕ ಎಲ್ಲಿ ಸಿಗುತ್ತದೆ

ಶುಲ್ಕದ ಹೆಸರು ಎಕ್ಸ್‌ಪೆನ್ಸ್ ರೇಷಿಯೋ. ವರ್ಷಕ್ಕೆ ಶೇಕಡಾ ಇಷ್ಟು ಅಂತ ಹೇಳುತ್ತಾರೆ. ಮ್ಯಾನೇಜರ್ ಫೀ, ಅದರ ಮೇಲಿನ ಜಿಎಸ್‌ಟಿ, ಖಾತೆ ದಾಖಲೆ ನೋಡಿಕೊಳ್ಳುವ ರಿಜಿಸ್ಟ್ರಾರ್ ಖರ್ಚು, ರೆಗ್ಯುಲರ್ ಆದರೆ ಕಮಿಷನ್, ಎಲ್ಲವೂ ಅದರೊಳಗೇ ಬರುತ್ತವೆ. ಗರಿಷ್ಠ ಎಷ್ಟು ಇರಬಹುದು ಅಂತ ಸೆಬಿ ಮಿತಿ ಹಾಕಿದೆ. ಫಂಡ್ ದೊಡ್ಡದಾದಷ್ಟೂ ಆ ಮಿತಿ ಇಳಿಯುತ್ತದೆ. ಪ್ರತಿ ಫಂಡ್ ಕಂಪನಿಯೂ ತನ್ನ ವೆಬ್‌ಸೈಟಿನಲ್ಲಿ ಇದನ್ನು ದಿನದಿನವೂ ಹಾಕಬೇಕು. ಫಂಡ್ ಕಂಪನಿಗಳ ಸಂಘವಾದ ಆಂಫಿಯ ಸೈಟಿನಲ್ಲೂ ಸಿಗುತ್ತದೆ.

ನೋಡುವಾಗ ಒಂದು ಎಚ್ಚರ. ಆ್ಯಪ್‌ಗಳು ಬಹಳ ಸಲ ಒಂದೇ ಪ್ಲಾನಿನ ಶುಲ್ಕ ತೋರಿಸುತ್ತವೆ. ನಿಮ್ಮ ಬಳಿ ಇರುವುದು ರೆಗ್ಯುಲರ್, ಅಲ್ಲಿ ಕಾಣುವುದು ಡೈರೆಕ್ಟ್ ಶುಲ್ಕ. "ಬರೀ 0.8% ಅಲ್ವಾ" ಅಂತ ಸಮಾಧಾನ ಪಟ್ಟುಕೊಳ್ಳುತ್ತೀರಿ. ಎರಡನ್ನೂ ಒಂದೇ ದಿನದ ಪಟ್ಟಿಯಿಂದ ಬರೆದುಕೊಳ್ಳಿ. ಆ್ಯಪ್‌ನಲ್ಲಿ ಕೊಂಡದ್ದೆಲ್ಲ ಡೈರೆಕ್ಟ್ ಅಂತಲೂ ಅಂದುಕೊಳ್ಳಬೇಡಿ. ಬ್ಯಾಂಕಿನ ಆ್ಯಪ್‌ನಲ್ಲಿ ಕೊಂಡದ್ದು ಸಾಮಾನ್ಯವಾಗಿ ರೆಗ್ಯುಲರ್ ಆಗಿರುತ್ತದೆ.

ನಿಮ್ಮದು ಯಾವುದು ಅಂತ ಖಚಿತವಾಗಿ ಹೇಳುವುದು ಸ್ಟೇಟ್‌ಮೆಂಟ್. ಎಂಸಿಸಿ ಬಿ ಬ್ಲಾಕಿನಲ್ಲಿ ಪರಿಚಯದ ನಿವೃತ್ತ ಮೇಷ್ಟ್ರೊಬ್ಬರಿದ್ದಾರೆ. ಅವರ ಸ್ಟೇಟ್‌ಮೆಂಟನ್ನು ಊಟದ ಮೇಜಿನ ಮೇಲೆ ಹರಡಿಕೊಂಡು ಓದಿದೆವು. ಫೋಲಿಯೊ ನಂಬರು (ಫಂಡ್ ಕಂಪನಿಯಲ್ಲಿನ ಖಾತೆ ಸಂಖ್ಯೆ), ಅದರ ಕೆಳಗೆ ಫಂಡಿನ ಹೆಸರು, ಪಕ್ಕದಲ್ಲಿ ಎಆರ್‌ಎನ್ ಅಂತ ಶುರುವಾಗುವ ಒಂದು ನಂಬರು. ಮೇಷ್ಟ್ರು ಅದು ತಮ್ಮ ಖಾತೆಯ ನಂಬರು ಅಂದುಕೊಂಡಿದ್ದರು. ಡೈರಿಯಲ್ಲೂ ಬರೆದಿಟ್ಟಿದ್ದರು. ಅದು ಡಿಸ್ಟ್ರಿಬ್ಯೂಟರ್‌ನ ನೋಂದಣಿ ಸಂಖ್ಯೆ. ಡೈರೆಕ್ಟ್ ಆಗಿದ್ದರೆ ಆ ಜಾಗದಲ್ಲಿ "ಡೈರೆಕ್ಟ್" ಅಂತಲೇ ಇರುತ್ತದೆ.

ಆರು ತಿಂಗಳಿಗೊಮ್ಮೆ, ಏಪ್ರಿಲ್ ಮತ್ತು ಅಕ್ಟೋಬರ್‌ನಲ್ಲಿ, ಬರುವ ಒಟ್ಟು ಸ್ಟೇಟ್‌ಮೆಂಟಿನಲ್ಲಿ ಇನ್ನೊಂದು ಸಾಲೂ ಇರುತ್ತದೆ. ನಿಮ್ಮ ಹೂಡಿಕೆಗಾಗಿ ಡಿಸ್ಟ್ರಿಬ್ಯೂಟರ್‌ಗೆ ಎಷ್ಟು ರೂಪಾಯಿ ಹೋಯಿತು ಅನ್ನುವ ಲೆಕ್ಕ ಅದು. ಶೇಕಡಾ ಅಲ್ಲ, ರೂಪಾಯಿಯಲ್ಲೇ. ಮೇಷ್ಟ್ರ ಏಳು ಲಕ್ಷದ ಹೂಡಿಕೆಗೆ ಅಲ್ಲಿ ಮೂರು ಸಾವಿರದ ಹತ್ತಿರ ಇತ್ತು. "ನಾನು ಯಾರಿಗೂ ಒಂದು ರೂಪಾಯಿ ಕೊಟ್ಟಿಲ್ಲಪ್ಪ" ಅಂದರು. ಕೊಟ್ಟದ್ದು ಅವರ ಕೈಯಲ್ಲ, ಅವರ ಫಂಡು. ಆ ಸಾಲು ಹುಡುಕಿ. ನಿಮ್ಮ ನಿಜವಾದ ಅಂಕಿ ಅದೇ.

ಹಳೆಯ ಫಂಡ್ ಆದರೆ ಇನ್ನೂ ಸುಲಭದ ದಾರಿ ಇದೆ. 2013ಕ್ಕೆ ಮುಂಚಿನಿಂದ ಇರುವ ಫಂಡ್‌ಗಳಲ್ಲಿ ಡೈರೆಕ್ಟ್ ಪ್ಲಾನ್ ರೆಗ್ಯುಲರ್‌ನ ಎನ್‌ಎವಿಯಿಂದಲೇ ಶುರುವಾಯಿತು. ಆಮೇಲೆ ಎರಡೂ ಬೇರೆ ಬೇರೆ ದಾರಿ ಹಿಡಿದವು. ಇವತ್ತಿನ ಡೈರೆಕ್ಟ್ ಗ್ರೋಥ್ ಎನ್‌ಎವಿಯನ್ನು ರೆಗ್ಯುಲರ್ ಗ್ರೋಥ್ ಎನ್‌ಎವಿಯಿಂದ ಭಾಗಿಸಿ. ಉದಾಹರಣೆಗೆ 115 ಮತ್ತು 100 ಇದ್ದರೆ ಉತ್ತರ 1.15. ಅಂದರೆ ಇಷ್ಟು ವರ್ಷದಲ್ಲಿ ಡೈರೆಕ್ಟ್‌ನವರ ಬಳಿ 15% ಜಾಸ್ತಿ ಸೇರಿದೆ. ಇದರಲ್ಲಿ ಊಹೆ ಏನೂ ಇಲ್ಲ, ನಡೆದುಹೋದ ಲೆಕ್ಕ. ಗ್ರೋಥ್‌ಗೆ ಗ್ರೋಥ್ ಮಾತ್ರ ಹೋಲಿಸಿ. ಇನ್ನು "ಡೈರೆಕ್ಟ್‌ನ ಎನ್‌ಎವಿ ಜಾಸ್ತಿ, ಅದು ದುಬಾರಿ" ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಎನ್‌ಎವಿ ಜಾಸ್ತಿ ಇರುವುದು ಶುಲ್ಕ ಕಡಿಮೆ ಇರುವುದರಿಂದ.

ವರ್ಷದಿಂದ ಗುಣಿಸಿ ನೋಡಿ

ಒಂದು ಲಕ್ಷ ರೂಪಾಯಿ ತಗೊಳ್ಳೋಣ. ಫಂಡಿನ ಷೇರುಗಳು ಖರ್ಚಿಗೆ ಮುಂಚೆ ವರ್ಷಕ್ಕೆ 12% ಬೆಳೆಯುತ್ತವೆ ಅಂತ ಇಟ್ಟುಕೊಳ್ಳಿ. ಹೀಗೇ ಬೆಳೆಯುತ್ತೆ ಅಂತ ಭರವಸೆ ಅಲ್ಲ, ಲೆಕ್ಕಕ್ಕೆ ಒಂದು ಅಂಕಿ ಬೇಕು ಅಷ್ಟೇ. ಡೈರೆಕ್ಟ್ ಶುಲ್ಕ 0.8%, ರೆಗ್ಯುಲರ್ ಶುಲ್ಕ 1.8%. ಕೈಗೆ ಸಿಗುವುದು 11.2% ಮತ್ತು 10.2%.

1 ವರ್ಷ: ಅಂತರ 1,000 ರೂ.
5 ವರ್ಷ: 1,70,000 ಮತ್ತು 1,62,500. ಅಂತರ ಸುಮಾರು 7,500.
10 ವರ್ಷ: 2,89,000 ಮತ್ತು 2,64,000. ಅಂತರ ಸುಮಾರು 25,000.
20 ವರ್ಷ: 8,36,000 ಮತ್ತು 6,98,000. ಅಂತರ ಸುಮಾರು 1,38,000.

ಕೊನೆಯ ಸಾಲು ಇನ್ನೊಮ್ಮೆ ನೋಡಿ. ಹಾಕಿದ್ದು ಒಂದು ಲಕ್ಷ. ಅಂತರವೇ ಅದಕ್ಕಿಂತ ಜಾಸ್ತಿ. "ಒಂದು ಪರ್ಸೆಂಟ್ ಏನು ಮಹಾ" ಅನ್ನುವ ಮಾತು ಒಂದು ವರ್ಷಕ್ಕೆ ಸರಿ, ಇಪ್ಪತ್ತು ವರ್ಷಕ್ಕೆ ಸುಳ್ಳು. ವರ್ಷದಿಂದ ಶುರು ಮಾಡಿ ಅಂದದ್ದು ಇದಕ್ಕೇ.

ಎಸ್‌ಐಪಿಯಲ್ಲಿ ಅಂತರ ಸ್ವಲ್ಪ ನಿಧಾನ. ಕೊನೆಯ ಕಂತುಗಳಿಗೆ ಬೆಳೆಯಲು ಸಮಯ ಸಿಗುವುದಿಲ್ಲವಲ್ಲ. ಇದೇ ಶುಲ್ಕದಲ್ಲಿ ತಿಂಗಳಿಗೆ 5,000 ರೂ. ಹದಿನೈದು ವರ್ಷ ಕಟ್ಟಿದರೆ ಒಟ್ಟು ಕಟ್ಟಿದ್ದು 9 ಲಕ್ಷ. ಡೈರೆಕ್ಟ್‌ನಲ್ಲಿ ಸುಮಾರು 22 ಲಕ್ಷ ಆಗುತ್ತದೆ, ರೆಗ್ಯುಲರ್‌ನಲ್ಲಿ 20 ಲಕ್ಷದ 25 ಸಾವಿರ. ಅಂತರ ಒಂದೂಮುಕ್ಕಾಲು ಲಕ್ಷ.

ನಿಮ್ಮ ಫಂಡಿನ ಅಂತರ 1% ಇಲ್ಲದೆ 0.3% ಇರಬಹುದು. ಇಂಡೆಕ್ಸ್ ಫಂಡ್‌ಗಳಲ್ಲಿ (ಸೆನ್ಸೆಕ್ಸ್‌ನಂಥ ಸೂಚ್ಯಂಕದಲ್ಲಿರುವ ಷೇರುಗಳನ್ನೇ ಕೊಳ್ಳುವವು) ಅಂತರ ಸಾಮಾನ್ಯವಾಗಿ ಕಡಿಮೆ. ಅದಕ್ಕೇ ನನ್ನ ಅಂಕಿ ಬಿಟ್ಟು ನಿಮ್ಮ ಅಂಕಿ ಹಾಕಿ ನೋಡಬೇಕು.

ಕಮಿಷನ್‌ಗೆ ತಕ್ಕ ಕೆಲಸ ಆಗುತ್ತಿದೆಯಾ?

ಇಷ್ಟು ಓದಿ ಎಲ್ಲರೂ ಡೈರೆಕ್ಟ್‌ಗೆ ಓಡಬೇಕು ಅಂತ ನಾನು ಹೇಳುವುದಿಲ್ಲ. 2020ರ ಜನವರಿಯಲ್ಲಿ ಸೆನ್ಸೆಕ್ಸ್ 42,000ದ ಹತ್ತಿರ ಇತ್ತು. ಮಾರ್ಚ್ 23ಕ್ಕೆ 26,000ಕ್ಕಿಂತ ಕೆಳಗೆ ಬಿತ್ತು. ಆ ವಾರ ಹೆದರಿ ಎಲ್ಲವನ್ನೂ ಮಾರಿದವರ ನಷ್ಟದ ಮುಂದೆ ಹತ್ತು ವರ್ಷದ ಕಮಿಷನ್ ಏನೂ ಅಲ್ಲ. ಫೋನ್ ಎತ್ತಿ "ಮಾರಬೇಡ್ರಿ, ಸುಮ್ನಿರ್ರಿ" ಅಂದ ಡಿಸ್ಟ್ರಿಬ್ಯೂಟರ್ ತನ್ನ ಕಮಿಷನ್ ದುಡಿದಿದ್ದಾರೆ. ನಾಮಿನಿ ಬದಲಾವಣೆ, ಕೆವೈಸಿ ತಕರಾರು, ಮನೆಯವರು ತೀರಿಕೊಂಡಾಗ ಯೂನಿಟ್ ವರ್ಗಾವಣೆಯ ಕಾಗದ ಪತ್ರ, ಇವುಗಳಿಗೆ ಬೆನ್ನು ಹತ್ತಿ ಓಡಾಡುವವರೂ ಇದ್ದಾರೆ.

ಹಾಗಾಗಿ ಮೂರು ಪ್ರಶ್ನೆ ಕೇಳಿಕೊಳ್ಳಿ. ಕಳೆದ ವರ್ಷ ಅವರು ನಿಮಗೆ ಫೋನ್ ಮಾಡಿದ್ದು ಹೊಸದೇನಾದರೂ ಮಾರೋದಕ್ಕೆ ಮಾತ್ರವಾ? ಯಾವತ್ತಾದರೂ "ಇದು ಬೇಡ" ಅಂದಿದ್ದಾರಾ? ನಿಮ್ಮ ಹಾಳೆಯಲ್ಲಿರುವ ಕೆಲಸ, ವರ್ಷ ಅವರಿಗೆ ಗೊತ್ತಿದೆಯಾ? ಉತ್ತರ ಚೆನ್ನಾಗಿದ್ದರೆ ರೆಗ್ಯುಲರ್‌ನಲ್ಲೇ ಇರಿ, ಸಂಕೋಚ ಬೇಡ. ಬ್ಯಾಂಕಿನಲ್ಲಿ ಸಹಿ ಹಾಕಿಸಿಕೊಂಡವರು ಟ್ರಾನ್ಸ್‌ಫರ್ ಆಗಿ ಹೋಗಿ, ಈಗ ಕೂತವರಿಗೆ ನಿಮ್ಮ ಹೆಸರೂ ಗೊತ್ತಿಲ್ಲ ಅಂದರೆ, ಆ ಒಂದು ಪರ್ಸೆಂಟ್ ಯಾವ ಕೆಲಸಕ್ಕೆ?

ಮಧ್ಯದ ದಾರಿಯೂ ಇದೆ. ಸೆಬಿ ನೋಂದಾಯಿತ ಸಲಹೆಗಾರರು ನಿಮ್ಮಿಂದಲೇ ಫೀ ತಗೊಂಡು ಡೈರೆಕ್ಟ್ ಪ್ಲಾನ್ ಹೇಳುತ್ತಾರೆ. ವರ್ಷಕ್ಕೆ 10,000 ರೂ. ಫೀ, ಶುಲ್ಕದ ಅಂತರ 1% ಅಂದುಕೊಳ್ಳಿ. ನಿಮ್ಮ ಹೂಡಿಕೆ 10 ಲಕ್ಷ ಇದ್ದರೆ ಎರಡೂ ಸಮ. ಎರಡು ಲಕ್ಷ ಇರುವವರಿಗೆ ಈ ಫೀ ಭಾರ. ನಲವತ್ತು ಲಕ್ಷ ಇರುವವರಿಗೆ ರೆಗ್ಯುಲರ್ ಭಾರ. ಫೀಯನ್ನು ಅಂತರದಿಂದ ಭಾಗಿಸಿದರೆ ನಿಮ್ಮ ಗೆರೆ ಎಲ್ಲಿದೆ ಅಂತ ಸಿಗುತ್ತದೆ.

ಗ್ರೋಥ್ ಅಥವಾ ಐಡಿಸಿಡಬ್ಲ್ಯೂ

ಇದು ಬೇಗ ಮುಗಿಯುವ ಮಾತು. ಹಿಂದೆ ಡಿವಿಡೆಂಡ್ ಅನ್ನುತ್ತಿದ್ದುದನ್ನು 2021ರ ಏಪ್ರಿಲ್‌ನಿಂದ ಐಡಿಸಿಡಬ್ಲ್ಯೂ ಅನ್ನುತ್ತಾರೆ. ನಿಮ್ಮದೇ ಎನ್‌ಎವಿಯಿಂದ ತೆಗೆದು ನಿಮಗೇ ಕೊಡುವ ದುಡ್ಡು ಅದು. ಕೊಟ್ಟ ದಿನ ಎನ್‌ಎವಿ ಅಷ್ಟೇ ಇಳಿಯುತ್ತದೆ. ಬಂದ ದುಡ್ಡು ನಿಮ್ಮ ಆದಾಯಕ್ಕೆ ಸೇರಿ ನಿಮ್ಮ ಸ್ಲ್ಯಾಬಿನಲ್ಲಿ ತೆರಿಗೆ ಬೀಳುತ್ತದೆ. ದೀರ್ಘ ಅವಧಿಗೆ ಗ್ರೋಥ್ ಸಾಕು. ನಿವೃತ್ತಿಯ ನಂತರ ತಿಂಗಳಿಗಿಷ್ಟು ಬೇಕು ಅನ್ನುವವರು ಗ್ರೋಥ್‌ನಲ್ಲೇ ಇಟ್ಟು ಎಸ್‌ಡಬ್ಲ್ಯೂಪಿ (ತಿಂಗಳಿಗಿಷ್ಟು ಅಂತ ವಾಪಸ್ ತೆಗೆಯುವ ವ್ಯವಸ್ಥೆ) ಹಾಕಿಸಲಿ. ಎಷ್ಟು, ಯಾವತ್ತು ಬರಬೇಕು ಅನ್ನುವುದು ಅವರ ಕೈಯಲ್ಲೇ ಇರುತ್ತದೆ.

ಮಕ್ಕಳು ಅಮೆರಿಕದಲ್ಲಿದ್ದರೆ

ವಿದ್ಯಾನಗರದ ಕಡೆ ಇಂಥ ಮನೆಗಳು ಬಹಳ ಇವೆ. ಹೀಗಾಗಿ ಈ ಪ್ರಶ್ನೆಯೂ ಬರುತ್ತದೆ. ಅಲ್ಲಿ ಒಂದೇ ಫಂಡಿಗೆ ಎ, ಬಿ, ಸಿ, ಐ ಅಂತ ಕ್ಲಾಸ್‌ಗಳು. ನಮ್ಮಲ್ಲಿ ನಿಂತುಹೋದ ಎಂಟ್ರಿ ಲೋಡ್ ಅಲ್ಲಿನ ಎ ಕ್ಲಾಸಿನಲ್ಲಿ ಇನ್ನೂ ಇದೆ. ಹಾಕುವಾಗ ಒಮ್ಮೆ ದೊಡ್ಡದಾಗಿ ಕಡಿತ, ಆಮೇಲೆ ವಾರ್ಷಿಕ ಶುಲ್ಕ ಕಡಿಮೆ. ದೊಡ್ಡ ಮೊತ್ತ ಹಾಕಿದರೆ ಕಡಿತದಲ್ಲಿ ರಿಯಾಯಿತಿಯೂ ಸಿಗುತ್ತದೆ. ಸಿ ಕ್ಲಾಸಿನಲ್ಲಿ ಮೊದಲು ಕಡಿತ ಇಲ್ಲ, ಆದರೆ ವರ್ಷವರ್ಷವೂ ಮಾರಾಟದ ಶುಲ್ಕ ಜಾಸ್ತಿ. ಹೊರಬರುವಾಗ ಕಡಿತ ಇರುವ ಬಿ ಕ್ಲಾಸನ್ನು ಬಹುತೇಕ ಕಂಪನಿಗಳು ನಿಲ್ಲಿಸಿವೆ. ಐ ಕ್ಲಾಸ್ ಸಂಸ್ಥೆಗಳಿಗೆ, ದೊಡ್ಡ ಮೊತ್ತಕ್ಕೆ.

ಲೆಕ್ಕ ಇಲ್ಲೂ ವರ್ಷದ್ದೇ. ಎ ಕ್ಲಾಸಿನಲ್ಲಿ ಮೊದಲೇ 5% ಕಡಿತ, ಸಿ ಕ್ಲಾಸಿನಲ್ಲಿ ವರ್ಷಕ್ಕೆ 0.75% ಹೆಚ್ಚುವರಿ ಅಂತ ಇಟ್ಟುಕೊಂಡರೆ ಎರಡೂ ಸಮ ಆಗುವುದು ಏಳನೇ ವರ್ಷದ ಹತ್ತಿರ. ಅದಕ್ಕೂ ಮುಂಚೆ ತೆಗೆಯುವವರಿಗೆ ಸಿ, ಆಮೇಲೆ ತೆಗೆಯುವವರಿಗೆ ಎ. ಲೋಡೇ ಇಲ್ಲದ, ಶುಲ್ಕ ಕಡಿಮೆ ಇರುವ ಇಂಡೆಕ್ಸ್ ಫಂಡ್‌ಗಳೂ ಅಲ್ಲಿ ಬೇಕಾದಷ್ಟಿವೆ. ಎ, ಸಿ ಅಂತ ತಲೆ ಬಿಸಿ ಮಾಡಿಕೊಳ್ಳುವ ಮುಂಚೆ ಅವನ್ನು ನೋಡಲಿ.

ರೆಗ್ಯುಲರ್‌ನಿಂದ ಡೈರೆಕ್ಟ್‌ಗೆ ಹೋಗುವಾಗ

ಲೆಕ್ಕ ಹಾಕಿ, ಯೋಚಿಸಿ, ಬದಲಾಯಿಸೋಣ ಅಂತ ತೀರ್ಮಾನಿಸಿದ್ದೀರಿ. ಇಲ್ಲಿ ಅವಸರ ಬೇಡ. ಫಂಡ್ ಅದೇ ಆದರೂ, ರೆಗ್ಯುಲರ್‌ನಿಂದ ಡೈರೆಕ್ಟ್‌ಗೆ ಸ್ವಿಚ್ ಮಾಡುವುದು ತೆರಿಗೆ ಇಲಾಖೆಯ ಕಣ್ಣಿನಲ್ಲಿ ಮಾರಾಟ ಮತ್ತು ಹೊಸ ಖರೀದಿ. ಎಕ್ಸಿಟ್ ಲೋಡ್ ಕೂಡ ಬೀಳಬಹುದು. ಈಕ್ವಿಟಿ ಫಂಡ್‌ಗಳಲ್ಲಿ ಸಾಮಾನ್ಯವಾಗಿ ವರ್ಷದೊಳಗೆ ತೆಗೆದರೆ 1%. ಎಸ್‌ಐಪಿ ಆದರೆ ಪ್ರತಿ ಕಂತಿಗೂ ಅದರದೇ ಒಂದು ವರ್ಷ. ಐದು ವರ್ಷದಿಂದ ಕಟ್ಟುತ್ತಿದ್ದರೂ ಕೊನೆಯ ಹನ್ನೆರಡು ಕಂತು ಇನ್ನೂ ಎಳೆಯವೇ. ಇಎಲ್‌ಎಸ್‌ಎಸ್ (ತೆರಿಗೆ ಉಳಿಸುವ ಫಂಡ್) ಆದರೆ ಪ್ರತಿ ಕಂತಿಗೆ ಮೂರು ವರ್ಷದ ಲಾಕಿನ್. ಅದು ಮುಗಿಯುವ ತನಕ ಅಲ್ಲಾಡಿಸಲು ಆಗುವುದಿಲ್ಲ.

ತೆರಿಗೆ ಹೀಗೆ. 2024ರ ಜುಲೈ 23ರಿಂದ, ಈಕ್ವಿಟಿ ಫಂಡಿನಲ್ಲಿ ವರ್ಷ ದಾಟಿದ ಯೂನಿಟ್‌ಗಳ ಲಾಭಕ್ಕೆ 12.5%. ಆರ್ಥಿಕ ವರ್ಷಕ್ಕೆ ಮೊದಲ 1.25 ಲಕ್ಷ ಲಾಭಕ್ಕೆ ತೆರಿಗೆ ಇಲ್ಲ. ವರ್ಷದೊಳಗಿನ ಲಾಭಕ್ಕೆ 20%. 2023ರ ಏಪ್ರಿಲ್ 1ರಿಂದ ಈಚೆಗೆ ಕೊಂಡ ಡೆಟ್ (ಸಾಲಪತ್ರಗಳ) ಫಂಡ್ ಆದರೆ ಲಾಭ ನಿಮ್ಮ ಸ್ಲ್ಯಾಬಿಗೆ ಸೇರುತ್ತದೆ.

ಎರಡು ಉದಾಹರಣೆ ನೋಡೋಣ. ಒಬ್ಬರ ಬಳಿ 5 ಲಕ್ಷದ ಹೂಡಿಕೆ ಇದೆ, ಅದರಲ್ಲಿ ಲಾಭ 1.20 ಲಕ್ಷ, ಎಲ್ಲ ಯೂನಿಟ್ ಹಳೆಯವು. ಆ ವರ್ಷ ಬೇರೆ ಈಕ್ವಿಟಿ ಲಾಭ ಇಲ್ಲದಿದ್ದರೆ ಒಂದು ರೂಪಾಯಿ ತೆರಿಗೆ ಇಲ್ಲದೆ ಪೂರ್ತಿ ಬದಲಾಯಿಸಬಹುದು. ಇನ್ನೊಬ್ಬರ ಬಳಿ 9 ಲಕ್ಷ ಇದೆ, ಲಾಭ 4 ಲಕ್ಷ. ಒಂದೇ ಸಲ ಬದಲಾಯಿಸಿದರೆ 2.75 ಲಕ್ಷಕ್ಕೆ 12.5%, ಅಂದರೆ 34,375 ರೂ., ಅದರ ಮೇಲೆ 4% ಸೆಸ್. ಶುಲ್ಕದ ಅಂತರ 1% ಆದರೆ ವರ್ಷಕ್ಕೆ ಉಳಿಯುವುದು ಸುಮಾರು 9,000. ಈ ತೆರಿಗೆ ವಾಪಸ್ ಬರಲು ನಾಲ್ಕು ವರ್ಷ. ಎರಡು ವರ್ಷದಲ್ಲಿ ದುಡ್ಡು ಬೇಕಾದವರು ಈ ಕೆಲಸಕ್ಕೆ ಕೈ ಹಾಕಬಾರದು. ಹದಿನೈದು ವರ್ಷ ಇಡುವವರು ತುಂಡು ಮಾಡಿಕೊಂಡು ಬದಲಾಯಿಸಲಿ: ಮಾರ್ಚ್ ಕೊನೆಗೆ ಮುಂಚೆ ಒಂದು ತುಂಡು, ಏಪ್ರಿಲ್‌ನಲ್ಲಿ ಇನ್ನೊಂದು. ಎರಡು ಆರ್ಥಿಕ ವರ್ಷದ ರಿಯಾಯಿತಿ ವಾರಗಳ ಅಂತರದಲ್ಲಿ ಸಿಗುತ್ತದೆ. ಮೊದಲು ಕೊಂಡ ಯೂನಿಟ್ ಮೊದಲು ಹೋಗುತ್ತದೆ ಅನ್ನುವುದು ನೆನಪಿರಲಿ. ಹಳೆಯ ಯೂನಿಟ್‌ನಲ್ಲಿ ಲಾಭ ಜಾಸ್ತಿ ಇರುವುದರಿಂದ ಮೊದಲ ತುಂಡು ಅಂದುಕೊಂಡಷ್ಟು ದೊಡ್ಡದಾಗುವುದಿಲ್ಲ.

ಸ್ವಿಚ್ ಮಾಡುವುದು ಕಷ್ಟವಲ್ಲ. ಫಂಡ್ ಕಂಪನಿಯ ಸೈಟಿನಲ್ಲಿ ಅಥವಾ ಎಂಎಫ್ ಸೆಂಟ್ರಲ್‌ನಲ್ಲಿ (ಎಲ್ಲ ಕಂಪನಿಗಳ ಫಂಡ್‌ಗಳನ್ನು ಒಂದೇ ಕಡೆ ತೋರಿಸುವ ಸೈಟು) ಪ್ಯಾನ್ ಮತ್ತು ಮೊಬೈಲ್ ಒಟಿಪಿ ಹಾಕಿ ಒಳಗೆ ಹೋಗಿ. ಸ್ವಿಚ್ ಆರಿಸಿ. ಎಲ್ಲಿಂದ ಅನ್ನುವಲ್ಲಿ ರೆಗ್ಯುಲರ್ ಗ್ರೋಥ್, ಎಲ್ಲಿಗೆ ಅನ್ನುವಲ್ಲಿ ಅದೇ ಫಂಡಿನ ಡೈರೆಕ್ಟ್ ಗ್ರೋಥ್. ಕಾಗದದ ಫಾರಂ ಆದರೆ ಬ್ರೋಕರ್ ಕೋಡ್ (ಎಆರ್‌ಎನ್) ಜಾಗ ಖಾಲಿ ಬಿಡದೆ "ಡೈರೆಕ್ಟ್" ಅಂತ ಬರೆಯಿರಿ. ಒಟಿಪಿ ಹಳೆಯ ನಂಬರಿಗೆ ಹೋಗುತ್ತಿದ್ದರೆ ಮೊದಲು ಅದನ್ನು ಸರಿ ಮಾಡಿಸಿ. ಮೇಷ್ಟ್ರ ಕೆಲಸ ನಿಂತದ್ದು ಅಲ್ಲೇ. ಫಾರಂನಲ್ಲಿ ಬ್ಯಾಂಕಿನವರು ಮಗನ ನಂಬರು ಹಾಕಿದ್ದರು, ಮಗ ಪುಣೆಯಲ್ಲಿ ಡ್ಯೂಟಿಯಲ್ಲಿದ್ದ.

ಇಷ್ಟಾದ ಮೇಲೂ ಒಂದು ಕೆಲಸ ಉಳಿದಿರುತ್ತದೆ. ಸ್ವಿಚ್ ಆಗುವುದು ಇರುವ ಯೂನಿಟ್‌ಗಳು ಮಾತ್ರ. ಎಸ್‌ಐಪಿ ತಾನಾಗಿ ಬದಲಾಗುವುದಿಲ್ಲ, ಅದು ಹಳೆಯ ರೆಗ್ಯುಲರ್ ಪ್ಲಾನಿಗೇ ಹೋಗುತ್ತಿರುತ್ತದೆ. ಹಳೆಯದನ್ನು ರದ್ದು ಮಾಡಿ, ಡೈರೆಕ್ಟ್‌ನಲ್ಲಿ ಹೊಸದು ಹಾಕಿ. ರದ್ದತಿಗೆ ಕೆಲವು ದಿನ ಹಿಡಿಯುತ್ತದೆ, ಕಂತಿನ ದಿನಾಂಕ ಹತ್ತಿರ ಇದ್ದರೆ ಆ ತಿಂಗಳು ಎರಡೂ ಕಡೆ ದುಡ್ಡು ಹೋಗಬಹುದು. ಖಾತೆಯಲ್ಲಿ ಅಷ್ಟು ಬ್ಯಾಲೆನ್ಸ್ ಇಟ್ಟಿರಿ. ಮುಂದಿನ ತಿಂಗಳ ಸ್ಟೇಟ್‌ಮೆಂಟಿನಲ್ಲಿ ಎಆರ್‌ಎನ್ ನಂಬರು ಎಲ್ಲಾದರೂ ಉಳಿದಿದೆಯಾ ಅಂತ ನೋಡಿ.